ಹಿಡಿದುಕೊಂಡವರದೇ ನಾಯಿ

ಬೀಳ್ಕೊಡುಗೆ ಸಮಾರಂಭದಲ್ಲಿ ಪ್ರತಿವಾದಕ್ಕೆ ಅವಕಾಶ ಇರುವುದಿಲ್ಲ. ನನ್ನ ಮಟ್ಟಿಗೆ ಆ ಬಗೆಯ ಸಭೆಗಳ ದೊಡ್ಡ ದೋಷ ಅದೇ. ಕಿರುಗಾವಲಿನ ನಮ್ಮ ಪಶು ಆಸ್ಪತ್ರೆಯ ಡಾಕ್ಟ್ರಮ್ಮ ನಿವೃತ್ತರಾದ ದಿನ ಆಸ್ಪತ್ರೆಯ ಅಂಗಳದಲ್ಲೇ ಶಾಮಿಯಾನ ಎದ್ದಿತ್ತು. ಅವರ ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಮೈಕು ಕೈಯಿಂದ ಕೈಗೆ ದಾಟಿತು. ಒಬ್ಬರು "ಮೂಕಪ್ರಾಣಿಗಳ ತಾಯಿ" ಅಂದರು. ಇನ್ನೊಬ್ಬರು "ಸದಾ ಹಸನ್ಮುಖಿ" ಅಂದರು. ಮತ್ತೊಬ್ಬರು "ದಣಿವರಿಯದ ಸೇವೆ" ಅಂದಾಗ ಹಿಂದಿನ ಸಾಲಿನಲ್ಲಿದ್ದ ನನಗೆ ತಡೆಯಲಾಗಲಿಲ್ಲ, ಕೈ ಎತ್ತಿಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಸ್ಕೂಟರ್ ಮೆಕ್ಯಾನಿಕ್ ಇಲಿಯಾಸಣ್ಣ ನನ್ನ ಮೊಣಕೈ ಹಿಡಿದು ಇಳಿಸಿದರು.

"ಇದು ಕಾಂಪಿಟೇಸನ್ ಅಲ್ಲ ಕಣಮ್ಮ. ಮುಗುದ್ರೆ ಊಟ ಅದೆ. ಸುಮ್ಕಿರು."

ಸುಮ್ಮನಿದ್ದೆ. ಅಲ್ಲಿ ಆಡದೆ ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೂಕಪ್ರಾಣಿಗಳ ತಾಯಿ ಆಗಿರಲಿಲ್ಲ. ನಾಯಿ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಬೆಕ್ಕು ಅಂದರೆ ಭಯ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೂ ಕೈ ತೂರಿಸಿ ಅಡ್ಡ ತಿರುಗಿದ ಕರುವನ್ನು ಎಳೆದು ಹಾಕುತ್ತಿದ್ದ ಹೆಂಗಸು, ಅಂಗೈಯಗಲದ ಬೆಕ್ಕಿನ ಮರಿ ಬಾಯ್ದೆರೆದರೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗುತ್ತಿದ್ದರು. ಮನೆಯಲ್ಲಿ ಒಂದು ಕೋಳಿಯನ್ನೂ ಸಾಕಿದವರಲ್ಲ. "ಬೆಳಗಿಂದ ಇವುಗಳ ಮುಖ ನೋಡಿ ನೋಡಿ, ಸಂಜೆ ಮನೆಗೆ ಹೋಗೋದೇ ಇವುಗಳ ಮುಖ ತಪ್ಪಿಸ್ಕೊಳ್ಳೋಕೆ" ಅನ್ನುತ್ತಿದ್ದರು. ಹಸನ್ಮುಖಿ ಅನ್ನುವುದೂ ಅರ್ಧ ಸುಳ್ಳು. ನಗು ಬಂದರೆ ಮೊದಲು ಕೂತುಕೊಂಡು, ಆಮೇಲೆ ನಗುತ್ತಿದ್ದರು, ನಿಂತು ನಗುವುದಕ್ಕೆ ಬೇರೆ ತ್ರಾಣ ಬೇಕಾಗುತ್ತದೆ ಅನ್ನುವವರ ಹಾಗೆ. ಇನ್ನು ದಣಿವರಿಯದ ಸೇವೆ. ಅವರಷ್ಟು ಚೆನ್ನಾಗಿ ದಣಿವನ್ನು ಅರಿತವರನ್ನು ನಾನು ಕಂಡಿಲ್ಲ. ಬೇರೆಯವರು ಕೆಲಸ ಮುಗಿದ ಮೇಲೆ ಉಸಿರು ಬಿಡುತ್ತಾರೆ. ಇವರು ಶುರು ಮಾಡುವ ಮುಂಚೆಯೇ "ಉಶ್ಶಪ್ಪಾ" ಅಂದು, ಆಮೇಲೆ ಗಮ್ ಬೂಟಿಗೆ ಕಾಲು ತೂರಿಸುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಹುಚ್ಚುನಾಯಿ ರೋಗದ ಲಸಿಕೆ ಶಿಬಿರದಲ್ಲಿ. ಆಗಷ್ಟೇ ಮಂಡ್ಯದಲ್ಲಿ ಓದು ಮುಗಿಸಿ, ಚರ್ಚಾಸ್ಪರ್ಧೆಗಳ ಷೀಲ್ಡುಗಳನ್ನು ಅಮ್ಮನ ಷೋಕೇಸಿನಲ್ಲಿ ಜೋಡಿಸಿ, ಮಳವಳ್ಳಿಯ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಬೇವಿನ ಮರದಡಿ ಒಂದು ಮೇಜು, ಮೇಜಿನ ಮೇಲೆ ಐಸು ತುಂಬಿದ ಡಬ್ಬಿ, ಹಿಂದೆ ಕುರ್ಚಿಯಲ್ಲಿ ಅರೆಗಣ್ಣು ಮುಚ್ಚಿದ ಡಾಕ್ಟ್ರಮ್ಮ. ಮೈಕು ಕಟ್ಟಿದ ಆಟೋ ಊರೆಲ್ಲ ಸುತ್ತಿ ಉಚಿತ ಉಚಿತ ಎಂದು ಕೂಗಿ ಬಂದಿತ್ತು. ಸುತ್ತ ಜನವೂ ಇದ್ದರು, ನಾಯಿಗಳೂ ಇದ್ದವು. ಆದರೆ ಜನ ಒಂದು ಕಡೆ, ನಾಯಿ ಒಂದು ಕಡೆ.

"ಯಾರದಪ್ಪಾ ಈ ಕರಿ ನಾಯಿ?" ಡಾಕ್ಟ್ರಮ್ಮ ಕೇಳಿದರು.

ಜನ ಮರದ ಕಡೆ, ರಸ್ತೆಯ ಕಡೆ ನೋಡತೊಡಗಿದರು. ಕರಿಯ ಅನ್ನುವ ಆ ನಾಯಿ ಹುಟ್ಟಿದಾಗಿನಿಂದ ನಮ್ಮ ಬೀದಿಯಲ್ಲೇ ಇದೆ. ಬೆಳಿಗ್ಗೆ ನಮ್ಮ ಮನೆಯ ಮುದ್ದೆಯ ಚೂರು, ಮಧ್ಯಾಹ್ನ ಎದುರುಮನೆ ಜಯಮ್ಮನ ಸಾರನ್ನ, ರಾತ್ರಿ ಇಲಿಯಾಸಣ್ಣನ ಅಂಗಡಿ ಮುಂದೆ ಬನ್ನು ತಿಂದು ಅಲ್ಲೇ ಸ್ಕೂಟರುಗಳ ನಡುವೆ ಮಲಗುವುದು. ಆದರೂ ಜಯಮ್ಮ ಸೆರಗು ಸರಿ ಮಾಡಿಕೊಂಡು, "ನಮ್ದಲ್ಲ ಕಣವ್ವ. ಬತ್ತದೆ, ಓಯ್ತದೆ" ಅಂದಳು.

"ಅನ್ನ ಹಾಕ್ತೀಯಲ್ಲ?"

"ಕಾಗೆಗೂ ಆಕ್ತೀನಿ. ಕಾಗೆ ನಂದಾ?"

ಕಾರಣ ಡಾಕ್ಟ್ರಮ್ಮನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಹಿಂದೊಮ್ಮೆ ಇಂಥದೇ ಶಿಬಿರದಲ್ಲಿ ಮೇಲಿನ ಬೀದಿಯ ಒಬ್ಬರು ಯಾವುದೋ ನಾಯಿಯನ್ನು ಪಾಪ ಎಂದು ಹಿಡಿದುಕೊಂಡು ಲಸಿಕೆ ಹಾಕಿಸಿದ್ದರು. ಕೆಲವು ತಿಂಗಳಿಗೆ ಆ ನಾಯಿ ಯಾರದೋ ಮೇಕೆಮರಿಯ ಕುತ್ತಿಗೆ ಹಿಡಿಯಿತು. ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. "ಸೂಜಿ ಆಕುಸ್ವಾಗ ಇಡ್ಕೊಂಡಿದ್ದೋನು ನೀನೇ ತಾನೆ?" ಅನ್ನುವ ಒಂದೇ ಪ್ರಶ್ನೆಗೆ ಆ ಮನುಷ್ಯ ತಲೆಯಾಡಿಸಿದರು, ಮರಿಗೆ ಮರಿ ಕೊಟ್ಟು ಎದ್ದುಬಂದರು. ಅವತ್ತಿನಿಂದ ನಮ್ಮೂರಲ್ಲಿ ಅದು ಕಾನೂನಾಯಿತು. ಅನ್ನ ಹಾಕಿದವರದಲ್ಲ, ಹೆಸರಿಟ್ಟವರದಲ್ಲ, ಶಿಬಿರದಲ್ಲಿ ಹಿಡಿದುಕೊಂಡವರದೇ ನಾಯಿ. ಹಾಗಾಗಿ ಯಾರೂ ಹಿಡಿಯುವುದಿಲ್ಲ. ಹಿಡಿಯದ ನಾಯಿಗೆ ಲಸಿಕೆ ಹಾಕಲಾಗುವುದಿಲ್ಲ. ಚೈನು ಹಾಕಿ ಸಾಕಿದ ನಾಲ್ಕಾರು ನಾಯಿಗಳಿಗಷ್ಟೇ ಲಸಿಕೆ ಆಗುತ್ತಿತ್ತು, ಬೀದಿಯಲ್ಲಿ ಬಾಲ ಅಲ್ಲಾಡಿಸಿಕೊಂಡು ಮಕ್ಕಳ ಹಿಂದೆ ತಿರುಗುವ ನಾಯಿಗಳಿಗೆ ಆಗುತ್ತಿರಲಿಲ್ಲ.

ನಾನು ಮುಂದೆ ಹೋಗಿ, ಇದು ತರ್ಕದೋಷ, ಹಿಡಿಯುವುದಕ್ಕೂ ಒಡೆತನಕ್ಕೂ ಸಂಬಂಧವಿಲ್ಲ ಎಂದು ಜನಕ್ಕೆ ಬಿಡಿಸಿ ಹೇಳತೊಡಗಿದೆ. ಡಾಕ್ಟ್ರಮ್ಮ ಒಂದು ಕಣ್ಣು ತೆರೆದರು.

"ಹಂಗಾದ್ರೆ ನೀನೇ ಹಿಡ್ಕೊಳ್ಳಮ್ಮ."

"ನಾನು ಹೇಳ್ತಿರೋದು ತತ್ವ, ಮೇಡಂ."

"ಉಶ್ಶಪ್ಪಾ" ಅಂದು ಎದ್ದರು. ಮಂಡಿ ಲಟಲಟ ಅಂದದ್ದು ನಮಗೆಲ್ಲ ಕೇಳಿಸಿತು. ಹೋಗಿ ಕರಿಯನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಎಡಗೈಯಲ್ಲಿ ಅದರ ಕಿವಿಯ ಹಿಂದಿನ ಚರ್ಮ ಹಿಡಿದು, ಗದ್ದವನ್ನು ತನ್ನ ತೊಡೆಗೆ ಒತ್ತಿಕೊಂಡರು. ಮುಖ ಮಾತ್ರ ಆಚೆ ತಿರುಗಿಸಿದ್ದರು, ನಾಯಿಯ ಉಸಿರು ತಾಕದ ಹಾಗೆ. ಕಾಂಪೌಂಡರ್ ಬಂದು ಸೂಜಿ ಚುಚ್ಚಿದ. ಕರಿಯ ಕುಂಯ್ ಅಂದಿತು. ಜಯಮ್ಮ ನಿರಾಳವಾಗಿ, "ಅಲ್ಲಿಗೆ ಸರಿಯಾಯ್ತು, ಇದು ಡಾಕ್ಟ್ರಮ್ಮೋರ ನಾಯಿ" ಅಂದಳು. ಎಲ್ಲರೂ ನಕ್ಕರು. ಡಾಕ್ಟ್ರಮ್ಮ ಮುಂದಿನ ನಾಯಿಯ ಕಡೆ ನಡೆದರು.

ಹಾಗೆ ಶುರುವಾಯಿತು. ಅವರು ಹಿಡಿಯುತ್ತಾ ಹೋದರು, ಊರಿನ ನಾಯಿಗಳೆಲ್ಲ ಒಂದೊಂದಾಗಿ ಅವರದಾಗುತ್ತಾ ಹೋದವು. ನಾಯಿ ಚಪ್ಪಲಿ ಕಚ್ಚಿಕೊಂಡು ಹೋದರೆ ಡಾಕ್ಟ್ರಮ್ಮನ ಹತ್ತಿರ ದೂರು. ಒಣಗಲು ಹಾಕಿದ ಹಪ್ಪಳದ ಮೇಲೆ ಓಡಿದರೆ ದೂರು. ಕೋಳಿ ಹಿಡಿದರಂತೂ ಸತ್ತ ಕೋಳಿಯನ್ನೇ ಕಾಲು ಹಿಡಿದು ತೂಗಾಡಿಸುತ್ತಾ ಆಸ್ಪತ್ರೆಗೆ ಬರುತ್ತಿದ್ದರು, ಎಮ್ಮೆ ದನಗಳ ಸಾಲನ್ನು ದಾಟಿಕೊಂಡು. "ನಿಮ್ ನಾಯಿ ಮಾಡಿರೋ ಕೆಲ್ಸ ನೋಡಿ!"

ನಾನಾಗಿದ್ದರೆ ಪುರಾವೆ ಕೇಳುತ್ತಿದ್ದೆ. ಅವರು ವಾದ ಮಾಡುತ್ತಿರಲಿಲ್ಲ. ನಿಧಾನವಾಗಿ ತಲೆಯೆತ್ತಿ ಒಂದೇ ಮಾತು ಕೇಳುತ್ತಿದ್ದರು.

"ಹುಂಜನೋ, ಯಾಟೆನೋ?"

ಹುಂಜವಾಗಿದ್ದರೆ ಜಗಳ ಸಣ್ಣದು. ಮೊಟ್ಟೆಗೆ ಬಂದ ಯಾಟೆಯಾಗಿದ್ದರೆ ಕೂರಿಸಿ, ಅದು ಯಾವ ಬಣ್ಣದ್ದು, ಎಷ್ಟು ಬುದ್ಧಿವಂತ ಕೋಳಿ ಎಂಬುದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ, "ಉಳಿದಿರೋ ಕೋಳೀನೆಲ್ಲ ನಾಳೆ ತಗೊಂಡ್ಬಾ, ಕೊಕ್ಕರೆ ರೋಗಕ್ಕೆ ಲಸಿಕೆ ಹಾಕ್ತೀನಿ." ಬಂದವರು ಬೈಯುತ್ತಲೇ ಒಪ್ಪುತ್ತಿದ್ದರು. ಇದನ್ನು ಉಪಾಯ ಎಂದು ಶಾಮಿಯಾನದಲ್ಲಿ ಹೊಗಳಿದರು. ನನಗೇನೋ ಅದು ಉಪಾಯ ಅನ್ನಿಸಿರಲಿಲ್ಲ, ಇನ್ನೊಂದು ಕೆಲಸ ಮೈಮೇಲೆ ಹಾಕಿಕೊಂಡ ಹಾಗಿತ್ತು.

ನಮ್ಮಿಬ್ಬರ ಜಗಳ ಫ್ರಿಜ್ಜಿನದು. ಲಸಿಕೆ ತಂಪಿನಲ್ಲಿ ಇರಬೇಕು, ನಮ್ಮೂರಿನ ಕರೆಂಟು ಬೇಕಾದಾಗ ಬರುತ್ತದೆ ಬೇಡವಾದಾಗ ಹೋಗುತ್ತದೆ, ಹಾಗಿರುವಾಗ ಆ ಶೀಶೆಯೊಳಗೆ ಇರುವುದು ಲಸಿಕೆಯೋ ಬರೀ ನೀರೋ ಎಂದು ಹೇಗೆ ಹೇಳುತ್ತೀರಿ? ಕಾಲೇಜಿನಿಂದ ಬಂದು ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಆಸ್ಪತ್ರೆಗೆ ನುಗ್ಗಿ ಕೇಳಿದ್ದೆ. ಅವರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಬೂಟು ಎಳೆಯುತ್ತಿದ್ದರು.

"ಬಂತು ಪ್ರತಿಪಕ್ಷ" ಅಂದರು. ಆಮೇಲಿಂದ ನನಗೆ ಅದೇ ಹೆಸರು.

ಫ್ರಿಜ್ಜಿನ ಮೇಲಿನ ಖಾನೆ ತೆರೆದು ತೋರಿಸಿದರು. ಸ್ಟೀಲ್ ಲೋಟದಲ್ಲಿ ಗಟ್ಟಿ ಐಸು, ಐಸಿನ ಮೇಲೆ ಒಂದು ಹುಣಸೆ ಬೀಜ. ಕರೆಂಟು ಬಹಳ ಹೊತ್ತು ಹೋದರೆ ಐಸು ಕರಗಿ ಬೀಜ ತಳ ಸೇರುತ್ತದೆ. ಮತ್ತೆ ಕರೆಂಟು ಬಂದು ಐಸು ಕಟ್ಟಿದರೂ ಬೀಜ ತಳದಲ್ಲೇ ಇರುತ್ತದೆ. ಬೀಜ ತಳ ಕಂಡ ದಿನ ಶೀಶೆಗಳೆಲ್ಲ ಗುಂಡಿಗೆ.

"ನಮ್ಮಪ್ಪ ಬ್ಲಫ್‌ನಲ್ಲಿ ಕರೆಂಟು ತಯಾರು ಮಾಡೋ ಕಡೆ ಕೆಲಸ ಮಾಡ್ತಿದ್ರು. ನಾವು ಕ್ವಾರ್ಟರ್ಸಲ್ಲಿ ದೀಪ ಆರಿದ್ದೇ ನೋಡಿಲ್ಲ. ಈಗ ನೋಡು, ಕರೆಂಟು ಹೋಯ್ತಾ ಅಂತ ಬೀಜ ನೋಡ್ಕೊಂಡು ಕೂತಿದ್ದೀನಿ."

"ಬೀಜ ಮೇಲಿದ್ರೆ ಲಸಿಕೆ ಗ್ಯಾರಂಟಿ ಅಂತಾನಾ?"

"ಇಲ್ಲ."

"ಮತ್ತೆ?"

"ಬೀಜ ಮೇಲಿದೆ ಅಂತ, ಅಷ್ಟೆ."

ನನ್ನ ಅನುಭವದಲ್ಲಿ ಎದುರಾಳಿ ಸಮರ್ಥಿಸಿಕೊಳ್ಳಬೇಕು, ಆಗಲೇ ಮುಂದಿನ ಪ್ರಶ್ನೆ ಹುಟ್ಟುವುದು. ಇವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಬೂಟು ತೊಳೆಯಲು ಹೋಗಿಬಿಡುತ್ತಿದ್ದರು. ಅಂಥವರ ಜೊತೆ ಚರ್ಚೆ ಮಾಡುವುದು ಬಹಳ ಕಷ್ಟ.

ಬೆಕ್ಕಿನ ವಿಷಯ ಬಿಟ್ಟರೆ ಇಲಿಯಾಸಣ್ಣ ಬೇಜಾರು ಮಾಡಿಕೊಳ್ಳುತ್ತಾರೆ. ಅವರ ಮನೆಯಲ್ಲಿ ರಾಣಿ ಅನ್ನುವ ಹಳದಿ ಬೆಕ್ಕು. ಅದಕ್ಕೆ ಲಸಿಕೆ ಹಾಕಿಸಬೇಕೆಂದು ಗೋಣಿಚೀಲದಲ್ಲಿ ಕಟ್ಟಿ ತಂದ ದಿನ ಚೀಲದೊಳಗೆ ಬಿರುಗಾಳಿ. ಡಾಕ್ಟ್ರಮ್ಮ ಔಷಧಿ ಬೀರುವಿನ ಹಿಂದೆ ನಿಂತು, "ಇಲಿಯಾಸ್, ಅದರ ಮೂತಿ ನನ್ನ ಕಡೆ ತಿರುಗಿಸ್ಬೇಡ" ಅಂದರು.

"ಮೇಡಂ, ನೀವು ಡಾಕ್ಟ್ರು."

"ಡಾಕ್ಟ್ರಿಗೆ ಕಣ್ಣಿಲ್ವಾ? ಪರಚಿದ್ರೆ ಹೋಗಲ್ವಾ?"

ಇಲಿಯಾಸಣ್ಣ ಯೋಚಿಸಿ, ತನ್ನ ಹಳೆಯ ಜರ್ಕಿನ್ ಬಿಚ್ಚಿ, ಬೆಕ್ಕನ್ನು ತಲೆ ಮುಂದಾಗಿ ತೋಳಿನೊಳಗೆ ತೂರಿಸಿದರು. ಕತ್ತಲು ಕಂಡದ್ದೇ ಬೆಕ್ಕು ತೆಪ್ಪಗಾಯಿತು. ಹಿಂದಿನ ಕಾಲಷ್ಟೇ ಹೊರಗೆ. ಡಾಕ್ಟ್ರಮ್ಮ ಬೀರುವಿನ ಹಿಂದಿನಿಂದ ಕೈ ಮಾತ್ರ ಚಾಚಿ ಚುಚ್ಚಿದರು. ಆ ಜರ್ಕಿನ್ ಆಮೇಲೆ ಆಸ್ಪತ್ರೆಯ ಗೋಡೆಯಲ್ಲೇ ಉಳಿಯಿತು. ಮಳೆಗಾಲದಲ್ಲಿ ಇಲಿಯಾಸಣ್ಣ ವಾಪಸ್ಸು ಕೇಳಿದರೆ, "ಬೆಕ್ಕಿನ ವಾಸನೆ ಹೊಡೀತದೆ, ನಿಂಗ್ಯಾಕೆ" ಅನ್ನುತ್ತಿದ್ದರು.

ಇನ್ನು ನಾನು ನಿಜವಾಗಿ ಹೇಳಬೇಕಾದ್ದು.

ಜಯಮ್ಮನ ಮೊಮ್ಮಗಳು ಭೂಮಿಕಾ. ಅವಳ ಅಪ್ಪ ಅಮ್ಮ ಇಬ್ಬರೂ ಸೋಮನಹಳ್ಳಿಯ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುವವರು. ಹುಡುಗಿಯ ಹೊಟ್ಟೆ ಬಟ್ಟೆ, ಜ್ವರ ನೆಗಡಿ, ಎಲ್ಲ ತೀರ್ಮಾನ ಜಯಮ್ಮನದೇ. ಒಂದು ಮಧ್ಯಾಹ್ನ ಕರಿಯ ಸಾರನ್ನ ತಿನ್ನುತ್ತಿದ್ದಾಗ ಹುಡುಗಿ ಆಡುತ್ತಾ ಹಿಂದೆ ಸರಿದು ಅದರ ಬಾಲ ತುಳಿದಳು. ಕರಿಯ ತಿರುಗಿ ಮೀನಖಂಡಕ್ಕೆ ಬಾಯಿ ಹಾಕಿತು. ಹಲ್ಲು ಆಳಕ್ಕೆ ಇಳಿದಿತ್ತು.

ರಜೆಯ ದಿನ, ನಾನು ಮನೆಯಲ್ಲೇ ಇದ್ದೆ. ಹೊರಗೆ ಬರುವಷ್ಟರಲ್ಲಿ ಜಯಮ್ಮ ಗಾಯಕ್ಕೆ ಸುಣ್ಣ ಮೆತ್ತಿದ್ದಳು. ಗಂಡಸರು ದೊಣ್ಣೆ ಹಿಡಿದು ಕರಿಯನನ್ನು ಇಲಿಯಾಸಣ್ಣನ ಅಂಗಡಿಯ ಮೂಲೆಗೆ ಅಟ್ಟಿದ್ದರು. ಅಷ್ಟರಲ್ಲಿ ಯಾರೋ ಹೇಳಿ ಕಳಿಸಿದ್ದರಿಂದ ಡಾಕ್ಟ್ರಮ್ಮ ಬೂಟುಗಾಲಲ್ಲೇ ಬಂದರು. ಮೊದಲು ಹುಡುಗಿಯನ್ನು ನಲ್ಲಿಯ ಕೆಳಗೆ ಕೂರಿಸಿ, ಸುಣ್ಣ ತೊಳೆದು, ಸೋಪು ಹಚ್ಚಿ ನೀರು ಬಿಟ್ಟರು. ತೊಳೆದರು, ತೊಳೆದರು, ಇನ್ನೂ ತೊಳೆದರು. ಆಮೇಲೆ ದೊಣ್ಣೆಗಳ ಕಡೆ ತಿರುಗಿದರು.

"ಸಾಯಿಸ್ಬೇಡಿ. ಕಟ್ಟಿ ಹಾಕಿ ಹತ್ತು ದಿನ ನೋಡ್ಬೇಕು. ಅದಕ್ಕೆ ರೋಗ ಇದ್ರೆ ಅಷ್ಟರಲ್ಲಿ ಗೊತ್ತಾಗುತ್ತೆ."

"ಯಾವನ್ ಕಟ್ಟಾಕಂತಾನೆ ಮೇಡಂ? ಮನೇಲಿ ಮಕ್ಳವ್ರೆ. ಬುಡಿ, ಒಂದೇಟ್ಗೆ ಮುಗಿಸ್ತೀವಿ" ಅಂದ ಒಬ್ಬ.

"ನಾನು ಹಿಡ್ಕೊಂಡಿದ್ದೆ ತಾನೆ? ನನ್ನ ನಾಯಿ. ನನ್ನ ನಾಯಿ ಹೊಡೀಬೇಕಾದ್ರೆ ಅರಳಿಕಟ್ಟೇಲಿ ನ್ಯಾಯ ಸೇರಿಸಿ ಹೊಡೀರಿ."

ಊರಿನ ಕಾನೂನು ಊರಿಗೇ ತಿರುಗಿತು. ದೊಣ್ಣೆಗಳು ಇಳಿದವು. ಕರಿಯನನ್ನು ಎಳೆದುಕೊಂಡು ಹೋಗಿ ಆಸ್ಪತ್ರೆಯ ದನದ ಶೆಡ್ಡಿನಲ್ಲಿ ಕಟ್ಟಿದರು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಆದರೆ ತೊಂದರೆ ಅಲ್ಲಿಂದ ಶುರುವಾಯಿತು.

ಭೂಮಿಕಾಳನ್ನು ಮಳವಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅವಳಿಗೆ ಇಂಜೆಕ್ಷನ್ ಶುರು ಮಾಡಿಸಬೇಕು, ಇವತ್ತೇ, ಎಂದು ಡಾಕ್ಟ್ರಮ್ಮ ಹೇಳಿದರೆ ಜಯಮ್ಮ ಜಪ್ಪಯ್ಯ ಅನ್ನಲಿಲ್ಲ. ಅವಳ ಅಣ್ಣನಿಗೆ ಚಿಕ್ಕಂದಿನಲ್ಲಿ ನಾಯಿ ಕಚ್ಚಿದಾಗ ಹೊಕ್ಕುಳ ಸುತ್ತ ಚುಚ್ಚಿದ್ದ ಸೂಜಿಗಳು ಅವಳ ಕಣ್ಣಿಂದ ಇನ್ನೂ ಹೋಗಿರಲಿಲ್ಲ. ಈಗ ಹಾಗಿಲ್ಲ, ತೋಳಿಗೆ ಹಾಕುತ್ತಾರೆ ಎಂದರೂ ಕೇಳಲಿಲ್ಲ. ಅದಕ್ಕಿಂತ ದೊಡ್ಡದು ಅವಳ ಇನ್ನೊಂದು ಮಾತು.

"ನೀವೇ ಆ ನಾಯ್ಗೆ ಸೂಜಿ ಆಕಿದ್ದೀರ. ನಾನೇ ಕಣ್ಣಾರೆ ನೋಡಿವ್ನಿ. ನಿಮ್ ಸೂಜಿ ಆದ್ಮೇಲೆ ಮಗೀಗ್ಯಾಕೆ ಇನ್ನೊಂದು? ನಿಮ್ ಮೇಲೆ ನಂಗೆ ದೇವ್ರಂಗೆ ನಂಬ್ಕೆ ಅದೆ."

"ಜಯಮ್ಮ, ಎಲ್ಲ ಸಲ ಸೂಜಿ ಹಿಡಿಯಲ್ಲ. ನಾಯಿಗೆ ಹಾಕಿದ್ರೂ ಕಚ್ಚಿಸ್ಕೊಂಡವರು ಹಾಕಿಸ್ಕೊಳ್ಳಲೇಬೇಕು. ಆ ರೋಗ ಒಂದ್ಸಲ ತಲೆಗೇರಿದ್ರೆ ಔಷಧಿ ಇಲ್ಲ."

"ದೊಡ್ಡೋರು ನೀವು, ತಮ್ದನ್ನ ತಾವು ಓಗಳ್ಕೊಳಲ್ಲ. ನಂಗೊತ್ತು."

ಅವರು ಹೇಳಿದಷ್ಟೂ ಅವಳಿಗೆ ಅದು ವಿನಯವಾಗಿ ಕೇಳಿಸುತ್ತಿತ್ತು. ಊರ ಕಾನೂನು ಬಗ್ಗಿಸಿ ನಾಯಿಯನ್ನು ಉಳಿಸಿದವರಿಗೆ ಒಂದು ಮುದುಕಿಯ ನಂಬಿಕೆಯನ್ನು ಬಗ್ಗಿಸಲಾಗಲಿಲ್ಲ.

ಸಂಜೆ ಬಿಸಿಲು ಇಳಿಯುವ ಮುಂಚೆ ಅವರು ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಅಮ್ಮ ಕೊಟ್ಟ ನೀರು ಕುಡಿದು ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದರು.

"ಪ್ರತಿಪಕ್ಷ, ಇವತ್ತು ನಿನ್ನಿಂದ ಒಂದು ಕೆಲಸ ಆಗ್ಬೇಕು. ಬಾ, ನನ್ನ ವಿರುದ್ಧ ಮಾತಾಡು."

ನನಗೆ ಅರ್ಥವಾಗಲಿಲ್ಲ.

"ನನ್ನ ಸೂಜಿ ನಂಬಬಾರ್ದು ಅಂತ ಜಯಮ್ಮಂಗೆ ಹೇಳು. ಫ್ರಿಜ್ಜು, ಕರೆಂಟು, ನೀರು ಅಂತೆಲ್ಲ ನನ್ಹತ್ರ ಹೇಳ್ತಿದ್ಯಲ್ಲ, ಅದನ್ನೇ ಅವಳ ಮುಂದೆ ಹೇಳು. ನಾನು ಹೇಳಿದ್ರೆ ಅವಳು ಒಪ್ಪಲ್ಲ."

"ಆದ್ರೆ ಕರಿಯನಿಗೆ ಹಾಕಿದ ದಿನ ಬೀಜ ಮೇಲೇ ಇತ್ತಲ್ಲ ಮೇಡಂ. ನೀವೇ ಹೇಳಿದ್ರಿ."

"ಇತ್ತು. ಅದನ್ನ ಅವಳು ಕೇಳಿದ್ರೆ ಹೇಳೋಣ. ಸುಳ್ಳು ಹೇಳ್ಬೇಡ. ಅನುಮಾನ ಹೇಳು, ಸಾಕು."

"ಊರೆಲ್ಲ ಕೇಳಿಸ್ಕೊಳ್ಳುತ್ತೆ. ನಾಳೆ ಯಾರೂ ನಾಯಿಗೆ ಲಸಿಕೆ ಹಾಕಿಸಲ್ಲ."

ಲೋಟ ಕೆಳಗಿಟ್ಟರು. "ಗೊತ್ತು. ನಡಿ, ಕತ್ತಲಾದ್ರೆ ಮಳವಳ್ಳಿಗೆ ಹೋಗೋದು ತಡ ಆಗುತ್ತೆ."

ಎಷ್ಟೋ ವೇದಿಕೆ ಹತ್ತಿದ್ದೇನೆ. ಜಯಮ್ಮನ ಜಗಲಿಯಂಥದ್ದು ಇನ್ನೊಂದಿಲ್ಲ. ಹುಡುಗಿ ಒಳಗೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಅಕ್ಕಪಕ್ಕದವರು ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟ್ರಮ್ಮ ಮೆಟ್ಟಿಲ ಹತ್ತಿರ, ಆರೋಪಿಯ ಹಾಗೆ ಕೈ ಕಟ್ಟಿಕೊಂಡು.

"ದೊಡ್ಡವ್ವ, ಗಾಳಿ ಬಂದು ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತಲ್ಲ, ಆವಾಗ ಎಷ್ಟು ದಿನ ಕರೆಂಟಿರಲಿಲ್ಲ?"

"ಅಯ್ಯೋ, ಅದ್ಯಾಕೀಗ? ಮೂರು ದಿನ ದೀಪ ಇಲ್ದೆ ಸತ್ತೋ."

"ನಿಮ್ಮನೆ ಫ್ರಿಜ್ಜಲ್ಲಿದ್ದ ಹಾಲು?"

"ಒಡೀತು. ಚೆಲ್ದೆ."

"ಡಾಕ್ಟ್ರಮ್ಮನ ಫ್ರಿಜ್ಜಿಗೇನು ಬೇರೆ ಕರೆಂಟಾ?"

ಜಯಮ್ಮ ಒಳಗೆ ಚಾಪೆಯ ಕಡೆ ನೋಡಿದಳು.

"ಹಾಲು ಒಡೆದ್ರೆ ಕಣ್ಣಿಗೆ ಕಾಣುತ್ತೆ. ಲಸಿಕೆ ಒಡೆದ್ರೆ ಕಾಣುತ್ತಾ? ಶೀಶೆ ಅದೇ, ನೀರು ಅದೇ. ನೀನು ನೋಡಿದ್ದು ಸೂಜಿ ಚುಚ್ಚಿದ್ದನ್ನ. ಒಳಗೆ ಏನಿತ್ತು ಅಂತ ನೋಡಿದ್ಯಾ? ಕಾಣದೇ ಇರೋದರ ಮೇಲೆ ಭೂಮಿಕಾನ ಪಣಕ್ಕಿಡ್ತೀಯಾ?"

ಗೋಡೆ ಪಕ್ಕದಿಂದ ಯಾರೋ "ಸರಿಯಾಗೇ ಕೇಳ್ತಾವ್ಳೆ" ಅಂದರು. ಜಯಮ್ಮ ಡಾಕ್ಟ್ರಮ್ಮನ ಕಡೆ ತಿರುಗಿದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

"ಇವ್ಳು ಏಳಾದು ದಿಟವೇನವ್ವಾ? ನಿಮ್ ಔಸ್ದಿ ಒಡ್ದಿತ್ತಾ?"

"ಗೊತ್ತಿಲ್ಲ ಜಯಮ್ಮ" ಅಂದರು ಅವರು.

ಆ ನಾಯಿಯೊಳಗೆ ಲಸಿಕೆ ಹಿಡಿದಿದೆಯೋ ಇಲ್ಲವೋ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಗಾಳಿಯ ಸಲ ಬೀಜ ತಳ ಸೇರಿದ ಮೇಲೆ ಶೀಶೆಗಳನ್ನೆಲ್ಲ ಗುಂಡಿಗೆ ಹಾಕಿ ಹೊಸದು ತರಿಸಿದ್ದರು. ಜಯಮ್ಮ ಅದನ್ನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದು ಚರ್ಚೆಯಲ್ಲಿ ನಿಯಮಬದ್ಧ.

ಜಯಮ್ಮ ಎದ್ದಳು. ಡಾಕ್ಟ್ರಮ್ಮನ ಕಡೆ ಮತ್ತೆ ನೋಡಲಿಲ್ಲ. "ಇಲಿಯಾಸಾ, ಆಟೋ ತತ್ತೀಯೇನ್ಲಾ ಮಗ" ಅಂದಳು. ಇಲಿಯಾಸಣ್ಣ ರಿಪೇರಿಗೆ ಬಂದಿದ್ದ ಯಾರದೋ ಆಟೋ ಸ್ಟಾರ್ಟು ಮಾಡಿಕೊಂಡು ಬಂದರು. ಹುಡುಗಿ, ಅಜ್ಜಿ, ನಾನು ಹತ್ತಿದೆವು. ಹಿಂದೆ ತಿರುಗಿ ನೋಡಿದಾಗ ಬೀದಿಯ ಜನ ಗುಂಪು ಗುಂಪಾಗಿ ಮಾತಾಡುತ್ತಿದ್ದರು. ಡಾಕ್ಟ್ರಮ್ಮ ಒಬ್ಬರೇ ಆಸ್ಪತ್ರೆಯ ಕಡೆ ಹೊರಟಿದ್ದರು, ಕಟ್ಟಿಹಾಕಿದ ನಾಯಿಗೆ ನೀರಿಡಲು.

ಭೂಮಿಕಾಳಿಗೆ ಎಲ್ಲ ಇಂಜೆಕ್ಷನ್ನೂ ಆದವು, ತೋಳಿಗೇ. ಪ್ರತಿ ಸಲವೂ ಐಸ್‌ಕ್ರೀಮು ಗಿಟ್ಟಿಸಿಕೊಂಡಳು. ಕರಿಯನಿಗೂ ಏನೂ ಆಗಲಿಲ್ಲ. ಹತ್ತು ದಿನ ಶೆಡ್ಡಿನಲ್ಲಿ ಪುಕ್ಕಟೆ ಹಾಲನ್ನ ತಿಂದು ದುಂಡಗಾಗಿ, ಬಿಟ್ಟ ಕೂಡಲೇ ಸ್ಕೂಟರುಗಳ ನಡುವೆ ಬಂದು ಬಿದ್ದುಕೊಂಡಿತು. ಹಾಗಾದರೆ ಲಸಿಕೆ ಕೆಲಸ ಮಾಡಿತೆಂದೋ? ಅಲ್ಲ, ನಾಯಿಗೆ ರೋಗವೇ ತಗುಲಿರಲಿಲ್ಲವೋ? ನಾನು ಕೇಳಿದೆ. "ಗೊತ್ತಿಲ್ಲ" ಅಂದರು. ಬೇರೆ ಏನು ಅಂದಾರು.

ಊರಿಗೆ ಮಾತ್ರ ಎಲ್ಲ ಗೊತ್ತಾಗಿತ್ತು. ಮುಂದಿನ ಶಿಬಿರದ ದಿನ ಬೇವಿನ ಮರದಡಿ ಮೇಜು, ಐಸಿನ ಡಬ್ಬಿ, ಕುರ್ಚಿ. ಜನ ದೂರದಿಂದಲೇ ನೋಡಿಕೊಂಡು ಹೋದರು. ಚೈನಿನ ನಾಯಿ ತರುತ್ತಿದ್ದವರೂ ತರಲಿಲ್ಲ. ಇಲಿಯಾಸಣ್ಣ ರಾಣಿಯನ್ನು ತಂದರು. ಬೀದಿನಾಯಿಗಳ ಪೈಕಿ ಕೈಗೆ ಸಿಕ್ಕವನ್ನು ಡಾಕ್ಟ್ರಮ್ಮ ಹಿಡಿದರು, ಕರಿಯನನ್ನೂ. ಆದರೆ ಸುತ್ತ ನಿಂತು ನಾಯಿ ಅಟ್ಟಿಕೊಡುತ್ತಿದ್ದ ಜನ ಇಲ್ಲದೆ ಎಷ್ಟು ಸಿಗುತ್ತವೆ? ಮಧ್ಯಾಹ್ನಕ್ಕೆ ಡಬ್ಬಿ ಮುಚ್ಚಿದರು. ನಾನು ಹತ್ತಿರ ಹೋಗಿ ನಿಂತೆ.

"ನೀನು ಚೆನ್ನಾಗಿ ಮಾತಾಡ್ತೀಯ. ಸ್ವಲ್ಪ ಕಮ್ಮಿ ಚೆನ್ನಾಗಿ ಮಾತಾಡಬಹುದಿತ್ತು" ಅಂದರು.

"ಕಮ್ಮಿ ಮಾತಾಡಿದ್ರೆ ಜಯಮ್ಮ ಏಳ್ತಿರಲಿಲ್ಲ ಮೇಡಂ."

ಐಸಿನ ಡಬ್ಬಿ ಎತ್ತಿಕೊಂಡರು. "ಅದೂ ಸರಿ" ಅಂದರು. ನಮ್ಮ ನಡುವಿನ ಚರ್ಚೆಯಲ್ಲಿ ಅವರು ಒಪ್ಪಿಕೊಂಡದ್ದು ಅದೊಂದೇ ಸಲ. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಅದಾದ ಕೆಲವು ತಿಂಗಳಿಗೆ ಶಾಮಿಯಾನ, ಪೇಟ, ದಣಿವರಿಯದ ಸೇವೆ. ಊಟವಾದ ಮೇಲೆ ತಂಗಿಯ ಮನೆಗೆಂದು ಮೈಸೂರಿನ ಬಸ್ಸು ಹತ್ತಿದರು. ಹಣ್ಣಿನ ಬುಟ್ಟಿಯನ್ನು ಭೂಮಿಕಾಳ ಕೈಗೆ ಕೊಟ್ಟು ಹೋದರು. ಜರ್ಕಿನ್ ಮಾತ್ರ ಇಲಿಯಾಸಣ್ಣನಿಗೆ ವಾಪಸ್ಸು ಬರಲಿಲ್ಲ.

ಈ ವರ್ಷದ ಶಿಬಿರಕ್ಕೆ ಹೊಸ ಡಾಕ್ಟರು ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿಯ ಹುರುಪಿನ ಮನುಷ್ಯ. "ಯಾರದಿದು ನಾಯಿ?" ಎಂದು ಜೋರಾಗಿ ಕೇಳಿದರು. ನಾನು ಬೆಳಗಿನಿಂದ ಮನೆಮನೆಗೆ ಹೋಗಿ ಬಂದಿದ್ದೆ. ಜಯಮ್ಮ ಬಾಗಿಲಲ್ಲೇ ನಿಲ್ಲಿಸಿದ್ದಳು.

"ನೀನೇ ತಾನೆ ಅಂದಿದ್ದು, ಆಲು ಒಡ್ದಂಗೆ ಅದೂ ಒಡೀತದೆ ಅಂತ? ಈಗ ಆಕುಸ್ಕೊಳಿ ಅಂತೀಯ. ನಿನ್ ಬಾಯ್ಗೆ ಬಾಗ್ಲು ಇಲ್ವೇನಮ್ಮಿ?"

"ಅವತ್ತಿನ ಪ್ರಶ್ನೆ ಬೇರೆ ದೊಡ್ಡವ್ವ. ಮಗುಗೆ ಹಾಕಿಸ್ಬೇಕಾ ಅಂತ. ಇವತ್ತಿನದು..."

"ಓಗು ಓಗು, ಬಸ್ಸು ತಪ್ಪಿಸ್ಕಂಡೀಯ."

ಕಾಲೇಜಿನಲ್ಲಿ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಎರಡಕ್ಕೂ ಷೀಲ್ಡು ತಂದಿದ್ದೇನೆ. ಊರಿನಲ್ಲಿ ಆ ಸವಲತ್ತಿಲ್ಲ. ಇಲ್ಲಿ ಒಂದು ಸಲ ಗೆದ್ದ ವಾದ ಗೆದ್ದೇ ಇರುತ್ತದೆ.

ಹೊಸ ಡಾಕ್ಟರು ಮತ್ತೆ ಕೇಳಿದರು. ಕರಿಯ ಮರದ ನೆರಳಿನಲ್ಲಿ ಕಿವಿ ಕೆರೆದುಕೊಳ್ಳುತ್ತಿತ್ತು. ಬ್ಯಾಗು ಮೇಜಿನ ಮೇಲಿಟ್ಟು ಹೋದೆ. ಕುಕ್ಕರುಗಾಲಲ್ಲಿ ಕುಳಿತು, ಕಿವಿಯ ಹಿಂದಿನ ಚರ್ಮ ಹಿಡಿದು, ಗದ್ದವನ್ನು ತೊಡೆಗೆ ಒತ್ತಿಕೊಂಡೆ. ಬಾಯಿಯ ವಾಸನೆ ಭಯಂಕರ. ಅವರು ಯಾಕೆ ಮುಖ ತಿರುಗಿಸುತ್ತಿದ್ದರು ಅನ್ನುವುದು ತಿಳಿಯಿತು. ರಸ್ತೆಯ ಆಚೆ ಬದಿಯಲ್ಲಿ ಜನ ನಿಂತು ನೋಡುತ್ತಿದ್ದರು, ಜಯಮ್ಮನೂ.

ಹದಿನೈದು ದಿನವೂ ಆಗಿರಲಿಲ್ಲ. ಮಳವಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದು ಇಳಿದೆ. ನಮ್ಮ ಮನೆಯ ಬಾಗಿಲಲ್ಲಿ ಜಯಮ್ಮ ಸತ್ತ ಕೋಳಿಯನ್ನು ಕಾಲು ಹಿಡಿದು ತೂಗಾಡಿಸುತ್ತಾ ನಿಂತಿದ್ದಳು.

"ಬಾಮ್ಮಿ, ಬಾ. ನೋಡು ನಿನ್ ನಾಯಿ ಕೆಲ್ಸ."

"ನನ್ನ ನಾಯಿನಾ?"

"ಇನ್ಯಾರ್ದು? ಡಾಕ್ಟ್ರಮ್ಮ ಓದ್ರು. ಅವತ್ತು ಮರದ ಕೆಳ್ಗೆ ತಬ್ಕೊಂಡು ಕುಂತಿದ್ದೋಳು ನೀನೇ ತಾನೆ? ಊರ್ನೋರೆಲ್ಲ ನೋಡವ್ರೆ."

ನನ್ನ ಹತ್ತಿರ ವಾದಗಳಿದ್ದವು. ಅನ್ನ ಹಾಕುವವಳು ಅವಳೂ ಹೌದು. ಕೋಳಿ ಹಿಡಿದದ್ದು ಕರಿಯನೇ ಎಂಬುದಕ್ಕೆ ಸಾಕ್ಷಿ ಇಲ್ಲ. ಹಿಡಿದುಕೊಳ್ಳುವುದು ಒಡೆತನವಲ್ಲ ಎಂದು ಇದೇ ಊರಿನಲ್ಲಿ ಮೊದಲು ಹೇಳಿದವಳು ನಾನು. ಎಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಆಚೆ ಸ್ಕೂಟರುಗಳ ನಡುವೆ ಕರಿಯ ಒಂದು ಕಣ್ಣು ತೆರೆದು ಮುಚ್ಚಿತು.

ಚಪ್ಪಲಿ ಬಿಚ್ಚಿ ಜಗಲಿಯ ಮೇಲೆ ಕೂತೆ.

"ಉಶ್ಶಪ್ಪಾ" ಅಂದೆ. "ಹುಂಜನೋ, ಯಾಟೆನೋ?"